ಕಲ್ಲು ಎಷ್ಟು ಜನರನ್ನು ತಾಳೀತು?

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡವು ಭದ್ರಾ ಅಚ್ಚುಕಟ್ಟಿಗೆ ಸೇರಿದ ಊರು. ಬತ್ತದ ಗದ್ದೆ, ಕಬ್ಬಿನ ಹೊಲ, ಇವುಗಳ ನಡುವೆ ಒಂದು ಸಕ್ಕರೆ ಕಾರ್ಖಾನೆ. ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆಯ ಬಾಗಿಲಿನ ಮುಂದೆ ಗಾಡಿಗಳು ಸಾಲುಗಟ್ಟಿ ನಿಲ್ಲುವುದನ್ನು ಈ ಕಡೆಯ ಮಕ್ಕಳೆಲ್ಲರೂ ಕಂಡಿದ್ದಾರೆ. ಹೊರಗೆ ಎಷ್ಟೇ ಕಬ್ಬು ಬಂದು ನಿಂತಿರಲಿ, ಯಂತ್ರವು ದಿನಕ್ಕೆ ತನ್ನ ಶಕ್ತಿಗೆ ಒಪ್ಪುವಷ್ಟನ್ನು ಮಾತ್ರ ನುರಿಸುತ್ತದೆ. ಅವಸರಪಟ್ಟು ಹೆಚ್ಚು ತುಂಬಿದರೆ ಉರುಳೆಗಳು ಕಚ್ಚಿಕೊಂಡು ನಿಲ್ಲುತ್ತವೆ. ನಾಲೆಯ ಸಂಗತಿಯೂ ಹೀಗೆಯೇ. ಅದರ ಪಾತ್ರಕ್ಕೆ ಮೀರಿ ನೀರು ಬಿಟ್ಟರೆ ಏರಿ ಒಡೆದು, ನೀರು ಬೇಕಾದ ಗದ್ದೆಗೆ ಹೋಗದೆ ಬೇಡವಾದಲ್ಲಿಗೆ ನುಗ್ಗುತ್ತದೆ. ಆದುದರಿಂದ ಯಂತ್ರವನ್ನು ನಿಲ್ಲಿಸುವ ಮೊದಲೇ, ನಾಲೆಯನ್ನು ತೋಡುವ ಮೊದಲೇ, ಅದರ ಸಾಮರ್ಥ್ಯವೆಷ್ಟೆಂದು ಲೆಕ್ಕ ಹಾಕುತ್ತಾರೆ.

ಎಂಟುನೂರು ವರ್ಷಗಳ ಹಿಂದೆ ಕಟ್ಟಿದ ದೇವಾಲಯವೊಂದರ ವಿಷಯದಲ್ಲಿ ಇಂಥ ಲೆಕ್ಕವನ್ನು ನಾವು ಹಾಕಿದ್ದೇವೆಯೆ? ದಿನಕ್ಕೆ ಎಷ್ಟು ಮಂದಿ ಅದರೊಳಗೆ ನಡೆದಾಡಬಹುದು, ಎಷ್ಟು ಉಸಿರನ್ನು, ಎಷ್ಟು ಕೈಗಳ ಸ್ಪರ್ಶವನ್ನು, ಎಷ್ಟು ದೀಪಗಳ ಹೊಗೆಯನ್ನು ಅದು ತಾಳಬಲ್ಲದು? ಪ್ರವಾಸಿಗರು ಹೆಚ್ಚಾಗಿ ಬರಲಿ ಎಂದು ಎಲ್ಲ ಜಿಲ್ಲೆಗಳೂ ಹಾರೈಸುತ್ತಿರುವ ಈ ಕಾಲದಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ. ಹಂಪೆ, ಬೇಲೂರುಗಳಲ್ಲಿ ಜನಸಂದಣಿ ಹೆಚ್ಚಿದೆ, ಅದನ್ನು ಅಷ್ಟಾಗಿ ಹೆಸರಾಗದ ಊರುಗಳಿಗೂ ಹಂಚಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಂಚಬೇಕೆಂಬುದು ಸರಿ. ಆದರೆ ದೊಡ್ಡ ನಾಲೆಯ ನೀರನ್ನು ಸಣ್ಣ ಕಾಲುವೆಗೆ ತಿರುಗಿಸುವವನು ಆ ಕಾಲುವೆಯನ್ನು ಒಮ್ಮೆ ಅಳೆದು ನೋಡಬೇಡವೆ?

ದಾವಣಗೆರೆ ಜಿಲ್ಲೆಯಲ್ಲಿ ಇಂಥ ಸಣ್ಣ ಕಾಲುವೆಗಳು ಹಲವು ಇವೆ. ದಾವಣಗೆರೆ ನಗರಕ್ಕೇ ಸೇರಿಹೋಗಿರುವ ಆನೆಕೊಂಡದ ಈಶ್ವರ ದೇವಾಲಯ, ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ, ಎಲ್ಲಕ್ಕಿಂತ ಮಿಗಿಲಾಗಿ ತುಂಗಭದ್ರೆಯ ದಡದ ಹರಿಹರ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯೂ ಪುಣೆಗೆ ಹೋಗುವ ಹೆದ್ದಾರಿಯೂ ಹರಿಹರವನ್ನು ಮುಟ್ಟಿಯೇ ಮುಂದುವರಿಯುತ್ತವೆ. ಆ ದಾರಿಯಲ್ಲಿ ಸಾಗುವ ಜನರಲ್ಲಿ ಸ್ವಲ್ಪ ಪಾಲಿನವರು ಒಂದು ಗಂಟೆ ಇಳಿದು ನೋಡಿ ಹೋಗೋಣವೆಂದು ಮನಸ್ಸು ಮಾಡಿದರೆ ಆ ಗುಡಿಯ ಗತಿ ಏನಾದೀತು? ಇದನ್ನೇ ಇಲ್ಲಿ ತಕ್ಕಮಟ್ಟಿಗೆ ವಿಚಾರ ಮಾಡೋಣ.

ಬಳಪದ ಕಲ್ಲು

ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ವೀರನರಸಿಂಹನ ದಂಡನಾಯಕನಾದ ಪೋಲಾಳ್ವ, ಕಾಲ 1223–24. ಮುಂದೆ 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮನು ಕೆಲವು ಭಾಗಗಳನ್ನು ಸೇರಿಸಿದನು. ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದ ಸೋಮನೇ ಈತ. ಒಳಗಿನ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ರಂಗಮಂಟಪದ ಅಂಚಿನಲ್ಲಿ ಸುಮಾರು ಒಂದು ಮೀಟರು ಎತ್ತರದ ಗೋಡೆ, ಅದರ ಮೇಲೆ ನಿಂತ ಅರ್ಧಗಂಬಗಳು, ನಡುವೆ ತಿರುಗಣೆಯ ಮೇಲೆ ಕಡೆದು ನುಣುಪುಗೊಳಿಸಿದ ಕಂಬಗಳು, ಅವುಗಳ ಮೇಲೆ ಪದ್ಮಗಳನ್ನು ಬಿಡಿಸಿರುವ ಛಾವಣಿ. ಮೂಲದ ಶಿಖರ ಉಳಿದಿಲ್ಲ; ಈಗಿರುವುದು ಆಮೇಲಿನವರು ಇಟ್ಟಿಗೆ ಗಾರೆಗಳಿಂದ ಎತ್ತಿದ್ದು.

ಇಷ್ಟು ನಯವಾದ ಕೆಲಸಕ್ಕೆ ಹೊಯ್ಸಳರ ಶಿಲ್ಪಿಗಳು ಆರಿಸಿಕೊಂಡ ಕಲ್ಲು ಬಳಪದ ಕಲ್ಲು. ಭೂವಿಜ್ಞಾನಿಗಳು ಅದನ್ನು ಕ್ಲೋರೈಟ್ ಶಿಸ್ಟ್ ಎಂಬ ಜಾತಿಗೆ ಸೇರಿಸುತ್ತಾರೆ. ಖನಿಜಗಳ ಗಡಸುತನವನ್ನು ಅಳೆಯಲು ಮೋಸ್ ಎಂಬ ಜರ್ಮನ್ ವಿದ್ವಾಂಸನು 1812ರ ಸುಮಾರಿನಲ್ಲಿ ಒಂದರಿಂದ ಹತ್ತರವರೆಗಿನ ಒಂದು ಶ್ರೇಣಿಯನ್ನು ಏರ್ಪಡಿಸಿದನಷ್ಟೆ. ಅದರಲ್ಲಿ ತಾಲ್ಕಿಗೆ 1, ವಜ್ರಕ್ಕೆ 10. ಕ್ಲೋರೈಟಿನ ಸ್ಥಾನ 2 ರಿಂದ 2.5. ನಮ್ಮ ಉಗುರಿನದೂ ಸುಮಾರು 2.5 ಎಂದರೆ ಈ ಕಲ್ಲು ಎಷ್ಟು ಮೃದುವೆಂಬುದು ತಿಳಿಯುತ್ತದೆ. ಕಿಟಕಿಯ ಗಾಜು 5.5. ಹಾದಿಬೀದಿಯ ಮರಳಿನಲ್ಲಿ ಮುಖ್ಯವಾಗಿರುವ ಬೆಣಚು, ಅಂದರೆ ಕ್ವಾರ್ಟ್ಸ್, 7.

ಇಲ್ಲಿ ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು; ಗುಡಿಯಲ್ಲಲ್ಲ, ಮನೆಯಲ್ಲಿ. ಸ್ಲೇಟಿನ ಮೇಲೆ ಬರೆಯುವ ಬಳಪದ ಕಡ್ಡಿಯೊಂದನ್ನು ಉಗುರಿನಿಂದ ಗೀರಿರಿ, ಗುರುತು ಬೀಳುತ್ತದೆ. ಅದನ್ನೇ ಒದ್ದೆ ಬಟ್ಟೆಯಲ್ಲಿ ಚಿಟಿಕೆ ಹೊಳೆಮರಳು ಹಾಕಿ ಹತ್ತು ಸಲ ಉಜ್ಜಿರಿ. ಹೊಳಪು ಹೋಗಿ ಮೈಯೆಲ್ಲ ಗೆರೆಯಾಗುತ್ತದೆ. ಮನೆಯ ರುಬ್ಬುವ ಗುಂಡಿನ ಮೇಲೆ ಇದೇ ಕೆಲಸ ಮಾಡಿದರೆ ಉಗುರು ಸವೆದೀತೇ ಹೊರತು ಕಲ್ಲಿಗೆ ಏನೂ ಆಗದು. ದೇವಾಲಯದ ಕಲ್ಲು ಬರೆಯುವ ಬಳಪಕ್ಕಿಂತ ಸ್ವಲ್ಪ ಗಡುಸು ನಿಜ. ಆದರೂ ಅದು ಈ ಕಡ್ಡಿಯ ಕುಲದ್ದೇ ಹೊರತು ಗುಂಡಿನ ಕುಲದ್ದಲ್ಲ.

ಬಂದವನು ಕೆತ್ತನೆಯನ್ನು ಉಳಿಯಿಂದ ಕೆತ್ತಬೇಕಾಗಿಲ್ಲ, ಹೆಸರನ್ನು ಕೊರೆಯಬೇಕಾಗಿಲ್ಲ. ಅಂಗಾಲಿಗೆ ಅಂಟಿದ ಮರಳಿನ ಕಣವೇ ನೆಲಕ್ಕೂ ಹೊಸ್ತಿಲಿಗೂ ಉಳಿಯಾಗುತ್ತದೆ. ಚಪ್ಪಲಿಯನ್ನು ಹೊರಗೆ ಬಿಡುವ ನಮ್ಮ ಪದ್ಧತಿ ಈ ದೃಷ್ಟಿಯಿಂದ ಕಲ್ಲಿಗೆ ದೊಡ್ಡ ಉಪಕಾರ ಮಾಡಿದೆ. ಅದರ ಜೊತೆಗೆ ಹೊರಗೆ ಕಾಲು ತೊಳೆಯುವ ನೀರೂ, ಕಾಲೊರೆಸಲು ನಾರಿನ ಚಾಪೆಯೂ ಇದ್ದರೆ ಉಪಕಾರ ಇಮ್ಮಡಿಯಾಗುತ್ತದೆ. ಇನ್ನು ಕೈ. ಬೆವರಿನಲ್ಲಿ ಉಪ್ಪು ಇದೆ, ಜಿಡ್ಡಿನ ಆಮ್ಲಗಳಿವೆ. ಕಂಬದ ನುಣುಪನ್ನು ಸವರಿ ನೋಡುವ ಆಸೆ ಎಲ್ಲರಿಗೂ ಹುಟ್ಟುವಂಥದೇ. ನಾವೂ ಚಿಕ್ಕಂದಿನಲ್ಲಿ ಸವರಿದವರೇ. ಜನ ಬಹಳವಾಗಿ ಬರುವ ಯಾವ ಗುಡಿಯಲ್ಲಾದರೂ ನೋಡಿ, ಆಳಿನ ಎದೆಯೆತ್ತರದವರೆಗೆ ಕಂಬದ ಬಣ್ಣ ಒಂದು, ಅದರ ಮೇಲೆ ಇನ್ನೊಂದು. ಕೆಳಗಿನ ಆ ಕಪ್ಪು ಜಿಡ್ಡೇ ಧೂಳನ್ನೂ ದೀಪದ ಮಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಹರಿಹರದಲ್ಲಿ ಹಳಗನ್ನಡದ ಹಲವು ಶಾಸನಗಳಿವೆ. ಬಿ. ಎಲ್. ರೈಸರು ಅವುಗಳನ್ನು ಓದಿ, ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ಅಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳೊಡನೆ ಅಚ್ಚು ಹಾಕಿಸಿದರು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಶಾಸನದ ಅಕ್ಷರಗಳ ಆಳವೆಂದರೆ ಕೆಲವು ಮಿಲಿಮೀಟರು ಮಾತ್ರ. ಗೋಡೆಯ ಶಿಲ್ಪವೊಂದು ಒಂದು ಮಿಲಿಮೀಟರು ಸವೆದರೆ ನಮ್ಮ ಕಣ್ಣಿಗೆ ಕಾಣದು. ಅಕ್ಷರವು ಅಷ್ಟು ಸವೆದರೆ ಒಂದು ಒತ್ತು ಮಾಯವಾಗಿ ಪದದ ಅರ್ಥವೇ ಬೇರೆಯಾದೀತು. ಓದಲು ಅನುಕೂಲವೆಂದು ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬಿಡಬೇಕು. ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೆ ಒಂದು ಬದಿಯಿಂದ ಬ್ಯಾಟರಿ ದೀಪ ಹಿಡಿದು ನೋಡಿದರೆ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ.

ಉಸಿರಿನ ಲೆಕ್ಕ

ಮನುಷ್ಯನು ಏನನ್ನೂ ಮುಟ್ಟದೆ ಸುಮ್ಮನೆ ನಿಂತಿದ್ದರೂ ಅವನಿಂದ ಮೂರು ವಸ್ತುಗಳು ಹೊರಬೀಳುತ್ತಲೇ ಇರುತ್ತವೆ: ಶಾಖ, ಇಂಗಾಲದ ಡೈಆಕ್ಸೈಡು, ನೀರಿನ ಆವಿ. ಸುಮ್ಮನೆ ನಿಂತವನ ದೇಹ ಸುಮಾರು 100 ವ್ಯಾಟಿನಷ್ಟು ಶಾಖವನ್ನು ಹೊರಚೆಲ್ಲುತ್ತದೆ. ಹಳೆಯ ಕಾಲದ ದೊಡ್ಡ ವಿದ್ಯುದ್ದೀಪವೊಂದು ಉರಿದಷ್ಟು. ಉಸಿರು ಬೆವರುಗಳು ಕೂಡಿ ಗಂಟೆಗೆ ಸುಮಾರು 50 ಗ್ರಾಂ ನೀರು ಆವಿಯಾಗಿ ಹೋಗುತ್ತದೆ.

ನಾಲ್ಕು ಕಡೆಗೂ ತೆರೆದಿರುವ ಮಂಟಪದಲ್ಲಿ ಇದರಿಂದ ಬಾಧಕವಿಲ್ಲ, ಗಾಳಿ ಕೊಂಡೊಯ್ಯುತ್ತದೆ. ಆದರೆ ಗರ್ಭಗುಡಿ ಮತ್ತು ಅದರ ಮುಂದಿನ ಶುಕನಾಸಿಗಳ ಸ್ಥಿತಿ ಬೇರೆ. ಉದ್ದ, ಅಗಲ, ಎತ್ತರ ಮೂರೂ ಮೂರು ಮೂರು ಮೀಟರು ಇರುವ, ಒಂದೇ ಬಾಗಿಲಿನ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ 27 ಘನಮೀಟರು ಗಾಳಿ ಹಿಡಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯು ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹೊರಬಲ್ಲದು. ಕೋಣೆಯ ಗಾಳಿಯೆಲ್ಲವೂ ಸೇರಿ 621 ಗ್ರಾಂ. ಬೆಳಗಿನ ಹೊತ್ತಿನ ಆರ್ದ್ರತೆ ನೂರಕ್ಕೆ ಅರವತ್ತು ಎಂದು ಇಟ್ಟುಕೊಂಡರೆ 373 ಗ್ರಾಂ ಆಗಲೇ ಇದೆ. ಇನ್ನು ಹಿಡಿಯುವುದು 248 ಗ್ರಾಂ ಮಾತ್ರ. ಬಾಗಿಲಿನಿಂದ ಗಾಳಿಯಾಡುವುದನ್ನು ಸದ್ಯಕ್ಕೆ ಮರೆತರೆ, ಐದು ಜನ ಒಂದು ಗಂಟೆ ನಿಂತರೆ ಆ ಕೋಣೆ ತುಂಬಿಹೋಯಿತು. ಹಬ್ಬದ ದಿನದ ನೂಕುನುಗ್ಗಲಿನಲ್ಲಿ ಮೂವತ್ತು ಜನ ನಿಂತರೆ ಹತ್ತು ನಿಮಿಷ ಸಾಕು. ಮೂವತ್ತು ಜನರ ಶಾಖವೆಂದರೆ 3 ಕಿಲೋವ್ಯಾಟು. ಒಂದೊಂದು ಕಿಲೋವ್ಯಾಟಿನ ಮೂರು ವಿದ್ಯುತ್ ಒಲೆಗಳನ್ನು ಒಳಗೆ ಹೊತ್ತಿಸಿ ಇಟ್ಟಂತೆ.

ದೀಪದ ಲೆಕ್ಕವನ್ನೂ ಇದಕ್ಕೆ ಸೇರಿಸಬೇಕು. ಎಣ್ಣೆಯಲ್ಲಿರುವ ಹೈಡ್ರೊಜನ್ನು ಉರಿದು ನೀರಾಗುತ್ತದೆ. ನೂರು ಗ್ರಾಂ ಎಣ್ಣೆ ಪೂರ್ತಿಯಾಗಿ ಉರಿದರೆ ನೂರು ಗ್ರಾಮಿಗಿಂತ ತುಸು ಹೆಚ್ಚೇ ನೀರಾವಿ ಹುಟ್ಟುತ್ತದೆಂದರೆ ಮೊದಲು ನಂಬುವುದು ಕಷ್ಟ. ಗಾಳಿಯ ಆಮ್ಲಜನಕ ಬಂದು ಸೇರಿಕೊಳ್ಳುವುದೇ ಇದರ ಮರ್ಮ. ಪೂರ್ತಿ ಉರಿಯದ ಭಾಗ ಮಸಿಯಾಗಿ ಛಾವಣಿಗೆ ಹತ್ತುತ್ತದೆ.

ಕೋಣೆ ಬಿಸಿಯಾದಾಗ ಗಾಳಿ ಇನ್ನಷ್ಟು ಆವಿಯನ್ನು ಹೊತ್ತುಕೊಳ್ಳುತ್ತದೆ. ಅಪಾಯ ಬರುವುದು ಆಮೇಲೆ, ಬಾಗಿಲು ಹಾಕಿದ ರಾತ್ರಿಯಲ್ಲಿ. ಗಾಳಿ ತಣ್ಣಗಾಗುತ್ತ ಬಂದಂತೆ ತಾನು ಹೊರಲಾರದ ಆವಿಯನ್ನು ತಣ್ಣನೆಯ ಕಲ್ಲಿನ ಮೇಲೆ ಹನಿಯಾಗಿ ಇಳಿಸುತ್ತದೆ. ಆ ನೀರು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಅತಿ ದುರ್ಬಲವಾದ ಆಮ್ಲವಾಗುತ್ತದೆ, ಪಾಚಿಗೆ ಆಸರೆಯಾಗುತ್ತದೆ, ಕಲ್ಲಿನೊಳಗಿನ ಲವಣಗಳನ್ನು ಕರಗಿಸುತ್ತದೆ. ಹಗಲಿನಲ್ಲಿ ಮತ್ತೆ ಒಣಗಿದಾಗ ಲವಣಗಳು ಮೇಲ್ಮೈಯ ಸೂಕ್ಷ್ಮ ರಂಧ್ರಗಳಲ್ಲಿ ಹರಳುಗಟ್ಟಿ, ಬೆಳೆಯುತ್ತ, ಕಲ್ಲಿನ ಸಿಪ್ಪೆಯನ್ನು ಒಳಗಿನಿಂದ ಎಬ್ಬಿಸುತ್ತವೆ. ನೆಲದಿಂದ ಮೇಲೇರುವ ತೇವ, ಬಾವಲಿಯ ಹಿಕ್ಕೆಯಿಂದ ಬರುವ ಲವಣ, ಕೊಡಗಟ್ಟಲೆ ನೀರು ಸುರಿದು ನೆಲ ತೊಳೆಯುವುದು, ಇವೆಲ್ಲವೂ ಇದೇ ಕೆಲಸಕ್ಕೆ ಕೈಗೂಡಿಸುತ್ತವೆ. ಸುಣ್ಣದ ಗಾರೆಯನ್ನು ಕಿತ್ತು ಸಿಮೆಂಟು ಮೆತ್ತಿದರೆ ತೇವಕ್ಕೆ ಹೊರಗೆ ಹೋಗುವ ದಾರಿ ತಪ್ಪಿ, ಅದು ಪಕ್ಕದ ಹಳೆಯ ಕಲ್ಲಿನಿಂದಲೇ ಹೊರಬರುತ್ತದೆ.

ಇದು ಪುಸ್ತಕದ ಲೆಕ್ಕವಷ್ಟೇ ಎಂದುಕೊಳ್ಳುವವರು ಫ್ರಾನ್ಸ್ ದೇಶದ ಲಾಸ್ಕೊ ಗುಹೆಯ ಕಥೆಯನ್ನು ನೆನೆಯಬೇಕು. ಹದಿನೇಳು ಸಾವಿರ ವರ್ಷಗಳಷ್ಟು ಹಿಂದಿನವೆಂದು ಎಣಿಸಲಾಗಿರುವ ಪ್ರಾಣಿಚಿತ್ರಗಳಿರುವ ಈ ಗುಹೆ ಜನರ ಕಣ್ಣಿಗೆ ಬಿದ್ದುದು 1940ರಲ್ಲಿ. 1948ರಲ್ಲಿ ಸಾರ್ವಜನಿಕರಿಗೆ ತೆರೆದರು. ಏಳೇ ವರ್ಷಗಳಲ್ಲಿ ದಿನಕ್ಕೆ ಸಾವಿರದ ಇನ್ನೂರು ಜನ ಬರತೊಡಗಿದರು. ಗೋಡೆಯ ಮೇಲೆ ಮೊದಲು ಹಸುರು ಪಾಚಿ, ಆಮೇಲೆ ಕ್ಯಾಲ್ಸೈಟಿನ ಬಿಳಿಯ ಹರಳು. 1963ರಲ್ಲಿ ಗುಹೆಯನ್ನು ಮುಚ್ಚಬೇಕಾಯಿತು. ಸಾವಿರಾರು ವರ್ಷ ಕತ್ತಲಲ್ಲಿ ಸುಖವಾಗಿದ್ದುದನ್ನು ಹದಿನೈದು ವರ್ಷಗಳ ಉಸಿರು ಆ ಸ್ಥಿತಿಗೆ ತಂದಿತು. 1983ರಲ್ಲಿ ಪಕ್ಕದಲ್ಲಿಯೇ ಒಂದು ಪ್ರತಿಕೃತಿಯನ್ನು ರಚಿಸಿ ಜನರಿಗೆ ಅದನ್ನು ತೋರಿಸಲಾರಂಭಿಸಿದರು.

ಹರಿಹರವು ಲಾಸ್ಕೊ ಅಲ್ಲ, ಆಗಲೂಬಾರದು. ಅದು ಪೂಜೆ ನಡೆಯುತ್ತಿರುವ ದೇವಾಲಯ. ಎಂಟು ಶತಮಾನಗಳಿಂದ ಬಂದು ಕೈಮುಗಿಯುತ್ತಿರುವ ಭಕ್ತನನ್ನು ತಡೆದು, ನಿನ್ನೆ ಮೊನ್ನೆ ಕ್ಯಾಮರಾ ಹಿಡಿದು ಬಂದವನನ್ನು ಒಳಗೆ ಬಿಡುವುದು ನ್ಯಾಯವಲ್ಲ. ಮಿತಿ ಹಾಕಬೇಕಾಗಿ ಬಂದಲ್ಲಿ ಅದು ಮೊದಲು ಪ್ರವಾಸಿಗೆ ಅನ್ವಯವಾಗಲಿ ಎಂಬುದು ನಮ್ಮ ಅಭಿಪ್ರಾಯ. ಭಕ್ತರ ವಿಷಯದಲ್ಲಿ ದೀಪಗಳನ್ನು ಗಾಳಿಯಾಡುವ ಹೊರಾಂಗಣದಲ್ಲಿ ಹಚ್ಚುವ ಏರ್ಪಾಡು, ಸಾಲು ನಿಲ್ಲದೆ ಮೆಲ್ಲನೆ ಚಲಿಸುವಂತೆ ಮಾಡುವ ಏರ್ಪಾಡು, ಇಷ್ಟರಿಂದಲೇ ಬಹಳ ಭಾರ ಇಳಿದೀತು.

ಎಷ್ಟು ಜನ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಕ್ಷಿತ ತಾಣವೊಂದು ಎಷ್ಟು ಜನರನ್ನು ತಾಳೀತೆಂಬುದನ್ನು ಗೊತ್ತುಮಾಡಲು ಮಿಗೆಲ್ ಸಿಫುಯೆಂಟೆಸ್ ಎಂಬವರು ಮಧ್ಯ ಅಮೆರಿಕದ ಕೋಸ್ಟಾರೀಕದಲ್ಲಿ 1992ರಲ್ಲಿ ಒಂದು ಸರಳ ಕ್ರಮವನ್ನು ಮುಂದಿಟ್ಟರು. ಕಾಡುಗಳಿಗಾಗಿ ಹುಟ್ಟಿದ ಈ ಕ್ರಮವನ್ನು ಈಗ ಸ್ಮಾರಕಗಳಿಗೂ ಬಳಸುತ್ತಾರೆ. ಅದು ಮೂರು ಮೆಟ್ಟಿಲುಗಳ ಗುಣಾಕಾರ. ಪ್ರೌಢಶಾಲೆಯ ವಿದ್ಯಾರ್ಥಿಗೂ ಕಷ್ಟವಲ್ಲ. ಕಲ್ಪಿತವಾದ ಒಂದು ಮಂಟಪವನ್ನು ತೆಗೆದುಕೊಂಡು ಮಾಡಿ ನೋಡೋಣ. ಕೆಳಗಿನ ಅಂಕೆಗಳು ಯಾವ ನಿಜವಾದ ಗುಡಿಯವೂ ಅಲ್ಲ.

ಮಂಟಪದ ಉದ್ದ 20 ಮೀಟರು, ಅಗಲ 15 ಮೀಟರು. ವಿಸ್ತೀರ್ಣ 300 ಚದರ ಮೀಟರು. ಕಂಬಗಳಿಗೂ ಅವುಗಳ ಸುತ್ತ ಬಿಡಬೇಕಾದ ಅಂತರಕ್ಕೂ ಕಾಲು ಭಾಗ ಕಳೆದರೆ 225. ಒಬ್ಬನು ಯಾರಿಗೂ ತಗಲದೆ, ಕಂಬಕ್ಕೂ ಒರಗದೆ ನಿಂತು ನೋಡಲು 2.5 ಚದರ ಮೀಟರು ಬೇಕೆಂದಾದರೆ ಒಂದು ಸಲಕ್ಕೆ 90 ಜನ. ದಿನಕ್ಕೆ ಹತ್ತು ಗಂಟೆ ತೆರೆದಿದ್ದು, ಒಬ್ಬೊಬ್ಬರು ಅರ್ಧ ಗಂಟೆ ಇದ್ದರೆ ಇಪ್ಪತ್ತು ಸರದಿ. 90 ನ್ನು 20 ರಿಂದ ಗುಣಿಸಿದರೆ 1,800. ಇದು ಮೊದಲನೆಯ ಮೆಟ್ಟಿಲು, ಬರಿಯ ಸ್ಥಳದ ಲೆಕ್ಕ. ಟಿಕೆಟು ಮಾರುವವನು ಇಲ್ಲಿಯೇ ನಿಲ್ಲಬಯಸುತ್ತಾನೆ.

ಎರಡನೆಯ ಮೆಟ್ಟಿಲಿನಲ್ಲಿ ತಾಣದ ಅಡಚಣೆಗಳನ್ನು ಕಳೆಯಬೇಕು. ಪೂಜೆಯ ಎರಡು ಗಂಟೆ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದರೆ 0.8 ರಿಂದ ಗುಣಿಸಿ: 1,440. ತೇವ ಹೆಚ್ಚಾಗುವ ಕಾಲಕ್ಕಾಗಿ ಮುಕ್ಕಾಲು ಪಾಲೇ ಸಾಕೆಂದಾದರೆ 1,080. ಮೂರನೆಯದು ನಿರ್ವಹಣೆಯ ಮೆಟ್ಟಿಲು. ಕಾಯುವವರು, ದಾರಿ ತೋರುವವರು, ಗುಡಿಸುವವರು ಸೇರಿ ಎಂಟು ಮಂದಿ ಬೇಕಾದಲ್ಲಿ ನಾಲ್ವರೇ ಇದ್ದರೆ ಅರ್ಧ: 540. ಸಾವಿರದ ಎಂಟುನೂರರಿಂದ ಹೊರಟವರು ಐನೂರ ನಲವತ್ತಕ್ಕೆ ಬಂದು ನಿಂತೆವು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಕಲ್ಲನ್ನು ನಾವು ಬದಲಿಸಲಾರೆವು, ತೇವವನ್ನು ಬಹಳವಾಗಿ ತಗ್ಗಿಸಲಾರೆವು; ಆದರೆ ಇನ್ನು ನಾಲ್ವರಿಗೆ ಕೆಲಸ ಕೊಟ್ಟರೆ 540 ತಾನಾಗಿ 1,080 ಆಗುತ್ತದೆ. ಪ್ರವಾಸೋದ್ಯಮಕ್ಕೆಂದು ಹಣ ಬಂದಾಗ ಮೊದಲು ಕಾಣಿಸಿಕೊಳ್ಳುವುದು ಸ್ವಾಗತದ ಕಮಾನು, ಬಣ್ಣದ ದೀಪ, ಕಾರಂಜಿ. ಇವುಗಳಿಂದ ಬರುವವರ ಸಂಖ್ಯೆ ಏರಬಹುದು. ತಾಳುವ ಶಕ್ತಿ ಒಂದಿಷ್ಟೂ ಏರದು. ಅದೇ ಊರಿನ ನಾಲ್ಕು ಮಂದಿ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಸಂಬಳಕ್ಕೆ ಇಟ್ಟುಕೊಂಡರೆ ಏರುತ್ತದೆ.

ಸಕ್ಕರೆ ಕಾರ್ಖಾನೆಯ ಇನ್ನೊಂದು ಗುಟ್ಟನ್ನು ಇಲ್ಲಿ ನೆನೆಯಬೇಕು. ಇಡೀ ಕಾರ್ಖಾನೆಯ ವೇಗವನ್ನು ಗೊತ್ತುಮಾಡುವುದು ಅದರಲ್ಲಿ ಎಲ್ಲಕ್ಕಿಂತ ನಿಧಾನವಾದ ಯಂತ್ರ. ನಮ್ಮ ಮಂಟಪಕ್ಕೆ 1,080 ಜನ ಬರಬಹುದೆಂದಾದರೂ, ಅವರೆಲ್ಲರೂ ಒಳಗಿನ ಸಣ್ಣ ಶುಕನಾಸಿಯನ್ನು ನೋಡಲೇಬೇಕೆಂದರೆ? ಅಲ್ಲಿ ಒಮ್ಮೆಗೆ ಆರು ಮಂದಿ, ಒಬ್ಬೊಬ್ಬರಿಗೆ ಐದು ನಿಮಿಷ. ಗಂಟೆಗೆ 72, ಎಂಟು ಗಂಟೆಗೆ 576. ಆದುದರಿಂದ ಒಂದು ತಾಣದ ಸಾಮರ್ಥ್ಯವೆಂದರೆ ಅದರ ಅತ್ಯಂತ ಇಕ್ಕಟ್ಟಾದ, ಅತ್ಯಂತ ಮೃದುವಾದ ಭಾಗದ ಸಾಮರ್ಥ್ಯ.

ಸರಾಸರಿಯೂ ನಮ್ಮನ್ನು ಮೋಸಗೊಳಿಸುತ್ತದೆ. ವರ್ಷದ ಮುನ್ನೂರು ದಿನ ಬೆರಳೆಣಿಕೆಯ ಜನರೂ, ರಥೋತ್ಸವ, ಶಿವರಾತ್ರಿ, ಸಾಲು ರಜೆಗಳಲ್ಲಿ ಕಿಕ್ಕಿರಿದ ಜನರೂ ಬಂದರೆ ಸರಾಸರಿ ಹಿತವಾಗಿಯೇ ಕಾಣುತ್ತದೆ. ಉಸಿರಿನ ಲೆಕ್ಕದಲ್ಲಿ ನಾಲ್ಕನೆಯವನವರೆಗೆ ಹನಿ ಬೀಳಲಿಲ್ಲ, ಐದನೆಯವನಿಗೆ ಕೋಣೆ ತುಂಬಿತು. ಹಾನಿಯು ಜನರ ಸಂಖ್ಯೆಗೆ ಸಮನಾಗಿ ಏರುತ್ತ ಹೋಗದೆ ಒಂದು ಗಡಿಯನ್ನು ದಾಟಿದೊಡನೆ ತಟ್ಟನೆ ಏರುತ್ತದೆ. ಇಟಲಿಯ ವೆನಿಸ್ ನಗರದವರು 2024ರ ಏಪ್ರಿಲಿನಲ್ಲಿ ಹಗಲಿಗೆ ಬಂದು ಹೋಗುವ ಪ್ರವಾಸಿಗರ ಮೇಲೆ ಐದು ಯೂರೊ ಶುಲ್ಕವನ್ನು ಮೊದಲು ವಿಧಿಸಿದಾಗ, ಎಲ್ಲ ದಿನಗಳಿಗೂ ವಿಧಿಸದೆ ಸಂದಣಿಯ ದಿನಗಳನ್ನೇ ಆರಿಸಿಕೊಂಡದ್ದು ಈ ಕಾರಣದಿಂದ.

ಹಂಪೆಯಲ್ಲಿ ನಡೆದದ್ದು

ಲೆಕ್ಕವನ್ನು ಮೊದಲೇ ಹಾಕದಿದ್ದರೆ ಅದರ ಬೆಲೆಯನ್ನು ತೆರುವವರು ಯಾರೆಂಬುದಕ್ಕೆ ಹರಿಹರದಿಂದ ಇದೇ ಹೊಳೆಯ ಉದ್ದಕ್ಕೂ ಕೆಳಗೆ ಸಾಗಿ ಹಂಪೆಯನ್ನು ನೋಡಬೇಕು. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಹಿಂದೆಯೇ ಬಸ್ಸು, ಲಾರಿ, ಅಂಗಡಿ, ವಸತಿಗೃಹ. ಆನೆಗೊಂದಿಯ ಕಡೆಗೆ ದಾಟಲು ತಳವಾರಘಟ್ಟದ ಬಳಿ ಹೊಳೆಗೆ ಸೇತುವೆಯ ಕೆಲಸ ನಡೆಯುತ್ತಿತ್ತು. ಭಾರಿ ವಾಹನಗಳು ಸ್ಮಾರಕಗಳ ನಡುವೆಯೇ ಓಡಾಡುವಂತಾಗುವುದೆಂದು 1999ರಲ್ಲಿ ಯುನೆಸ್ಕೊ ಹಂಪೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. 2002ರಲ್ಲಿ ರಾಜ್ಯವು ಹಂಪೆಗೆಂದೇ ಒಂದು ಕಾಯಿದೆಯನ್ನು ಮಾಡಿ ಪ್ರಾಧಿಕಾರವನ್ನು ರಚಿಸಿತು. 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ಹೋಯಿತು. ಆ ಸೇತುವೆಯೋ, 2009ರ ಜನವರಿಯಲ್ಲಿ ಕೆಲಸ ನಡೆಯುತ್ತಿದ್ದಾಗಲೇ ಕುಸಿದು ಕೂಲಿಕಾರರ ಪ್ರಾಣಗಳನ್ನು ತೆಗೆದುಕೊಂಡಿತು.

ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಬಹುಕಾಲದಿಂದ ಜನ ವಾಸವಾಗಿದ್ದರು. ಪ್ರವಾಸಿಗರಿಗೆ ಊಟ, ಹಾಸಿಗೆ, ಸಾಮಾನು ಒದಗಿಸುತ್ತ ಅವರ ಬದುಕೂ ಕಟ್ಟಡಗಳೂ ಬೆಳೆದವು. ಬೆಳೆಯುವಾಗ ಹೀಗಿಷ್ಟೇ ಎಂದು ಗೆರೆ ಎಳೆದು ತೋರಿದವರಿಲ್ಲ. 2011ರ ಜುಲೈ ಕೊನೆಯಲ್ಲಿ ಯಂತ್ರಗಳು ಬಂದು ಕಟ್ಟಡಗಳನ್ನು ಕೆಡವಿದವು. ಕುಟುಂಬಗಳು ಕಡ್ಡಿರಾಂಪುರದ ಕಡೆಗೆ ಹೋಗಬೇಕಾಯಿತು. ಹೊಳೆಯಾಚೆಯ ವಿರೂಪಾಪುರಗಡ್ಡೆಯ ವಸತಿಗೃಹಗಳು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ 2020ರ ಮಾರ್ಚಿಯಲ್ಲಿ ನೆಲಸಮವಾದವು. ಸ್ಮಾರಕದ ದೃಷ್ಟಿಯಿಂದ ಇವು ಅಗತ್ಯವಾಗಿದ್ದಿರಬಹುದು. ಆದರೂ ಇಪ್ಪತ್ತೈದು ವರ್ಷ ಸುಮ್ಮನಿದ್ದು ಒಂದು ಬೆಳಗಿನಲ್ಲಿ ಬಾಗಿಲು ಮುರಿಯುವುದನ್ನು ಒಳ್ಳೆಯ ನಿರ್ವಹಣೆಯೆಂದು ನಾವು ಕರೆಯಲಾರೆವು.

ಅದೇ ಹಂಪೆಯಲ್ಲಿ ಒಳ್ಳೆಯ ಮಾದರಿಗಳೂ ಉಂಟು. ಕಲ್ಲಿನ ರಥದ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು. ಬಂದವರೆಲ್ಲ ತಿರುಗಿಸಿ ಸವೆಸುತ್ತಿದ್ದುದರಿಂದ ಅವನ್ನು ಅಲುಗದಂತೆ ಬಂಧಿಸಿಬಿಟ್ಟರು. ನಾದ ಹೊಮ್ಮಿಸುವ ಕಂಬಗಳನ್ನು ತಟ್ಟಿ ನೋಡುವುದನ್ನು ತಡೆದರು. ವಿಠ್ಠಲ ದೇವಾಲಯಕ್ಕೆ ಒಂದು ಕಿಲೋಮೀಟರಿನಷ್ಟು ದೂರದಲ್ಲಿಯೇ ಮೋಟಾರು ವಾಹನಗಳನ್ನು ನಿಲ್ಲಿಸಿ, ಮುಂದಕ್ಕೆ ಬ್ಯಾಟರಿ ಬಂಡಿಗಳನ್ನು ಓಡಿಸಲಾರಂಭಿಸಿದರು. ಅವುಗಳನ್ನು ನಡೆಸುವ ಕೆಲಸ ಸುತ್ತಲಿನ ಊರುಗಳ ಹೆಣ್ಣುಮಕ್ಕಳಿಗೆ ದೊರೆಯಿತು. ಹೊಗೆಯೂ ಅದುರೂ ತಪ್ಪಿದವು, ಊರಿಗೆ ಸಂಬಳವೂ ಬಂದಿತು.

ಹರಿಹರದ ಗುಡಿಯು ಮನೆಮಠಗಳ ನಡುವೆ ಇದೆ. 1958ರ ಕೇಂದ್ರ ಕಾಯಿದೆಯ 2010ರ ತಿದ್ದುಪಡಿಯಂತೆ ಇಂಥ ರಾಷ್ಟ್ರೀಯ ಸ್ಮಾರಕದ ಎಲ್ಲೆಯಿಂದ 100 ಮೀಟರಿನವರೆಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಒಂದೇ ಬಿಂದುವಿನಿಂದ ಅಳೆದರೂ 100 ಮೀಟರು ತ್ರಿಜ್ಯದ ವೃತ್ತವೆಂದರೆ 31,400 ಚದರ ಮೀಟರು, ಎಂದರೆ ಏಳೂಮುಕ್ಕಾಲು ಎಕರೆ. 300 ಮೀಟರಿನದು ಸುಮಾರು 70 ಎಕರೆ. ಹಳೆಯ ಪೇಟೆಯಲ್ಲಿ ಇಷ್ಟು ನೆಲದಲ್ಲಿ ಎಷ್ಟು ಸಂಸಾರಗಳಿರುತ್ತವೆಂಬುದನ್ನು ಓದುಗರು ಊಹಿಸಬಹುದು. ಅಲ್ಲಿ ಸೋರುವ ಮಾಳಿಗೆಯನ್ನು ದುರಸ್ತಿ ಮಾಡಿಸಲೂ ಅನುಮತಿ ಬೇಕು. ಗುಡಿಗಾಗಿ ಈ ಮನೆಗಳವರು ತಮ್ಮ ಅನುಕೂಲವನ್ನು ಬಿಟ್ಟುಕೊಡುತ್ತಿದ್ದಾರೆ. ಪ್ರವಾಸಿಗರಿಂದ ಬರುವ ಲಾಭ ಹೆದ್ದಾರಿಯ ಹೋಟೆಲಿಗೆ ಹೋಗಿ, ಧೂಳು, ಕಸ, ವಾಹನಗಳ ಗದ್ದಲ ಮಾತ್ರ ಇವರ ಪಾಲಿಗೆ ಬಂದರೆ ಕಾಯಿದೆಯನ್ನು ಯಾರು ಪ್ರೀತಿಯಿಂದ ಪಾಲಿಸಿಯಾರು? ಅನುಮತಿ ಬೇಗ ಸಿಗುವಂತಾಗಬೇಕು. ಚಹದಂಗಡಿ, ಬಂಡಿ ನಿಲುಗಡೆ, ದಾರಿ ತೋರುವ ಕೆಲಸ, ಇವುಗಳಲ್ಲಿ ಮೊದಲ ಹಕ್ಕು ಆ ಬೀದಿಗಳವರಿಗೆ ಸಿಗಬೇಕು.

ಸಂತೇಬೆನ್ನೂರಿನ ಸಮಸ್ಯೆ ಇನ್ನೊಂದು ಬಗೆಯದು. ಹದಿನಾರನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕನು ಕಟ್ಟಿಸಿದ ಆ ಕೊಳದ ನಡುವೆ ನೀರಿನಲ್ಲಿ ನಿಂತಿರುವುದು ವಸಂತ ಮಂಟಪ, ದಡದಲ್ಲಿ ಮುಸಾಫಿರಖಾನೆ. ಮೆಟ್ಟಿಲುಗಳು ಕಣಶಿಲೆಯವು, ಕಾಲಿಗೆ ಸವೆಯುವಂಥವಲ್ಲ. ಮಂಟಪವೋ ಇಟ್ಟಿಗೆ ಸುಣ್ಣದ ಗಾರೆಗಳದ್ದು. ಇಲ್ಲಿ ಕೊರಳು ಹಿಸುಕುವುದು ಸವೆತಕ್ಕಿಂತ ನೀರಿನ ಸ್ಥಿತಿ: ಎಸೆದ ಪ್ಲಾಸ್ಟಿಕ್, ತಿಂಡಿಯ ಚೂರು, ಅವುಗಳಿಂದ ಬೆಳೆಯುವ ಪಾಚಿ. ಇಲ್ಲಿಯ ಲೆಕ್ಕ ಚದರ ಮೀಟರಿನಿಂದ ಸಿಗದು. ಇಂಥ ಕಡೆಗಾಗಿ ಅಮೆರಿಕದ ಅರಣ್ಯ ಇಲಾಖೆಯವರು 1985ರಲ್ಲಿ ಬೇರೊಂದು ಕ್ರಮವನ್ನು ರೂಪಿಸಿದರು. ಎಷ್ಟು ಜನ ಬರಬಹುದೆಂದು ಕೇಳುವುದಕ್ಕೆ ಬದಲಾಗಿ ಎಷ್ಟು ಬದಲಾವಣೆಯನ್ನು ನಾವು ಒಪ್ಪಬಹುದೆಂದು ಮೊದಲು ಬರೆದಿಟ್ಟುಕೊಂಡು, ಆ ಗುರುತನ್ನು ದಾಟುತ್ತಿದೆಯೇ ಎಂದು ಕಾಲಕಾಲಕ್ಕೆ ಅಳೆಯುತ್ತ ಹೋಗುವುದು.

ಅಳೆಯುವ ಕೆಲಸಕ್ಕೆ ದೊಡ್ಡ ಉಪಕರಣಗಳು ಬೇಕಾಗಿಲ್ಲ. ಕುಕ್ಕುವಾಡ, ಹರಿಹರ, ಸಂತೇಬೆನ್ನೂರುಗಳ ಶಾಲೆಗಳ ವಿಜ್ಞಾನ ಸಂಘಗಳು ಅನುಮತಿ ಪಡೆದು ಇದನ್ನು ಕೈಗೊಳ್ಳಬಹುದು. ಎರಡು ಉಷ್ಣಮಾಪಕಗಳು, ಒಂದರ ಬುರುಡೆಗೆ ಒದ್ದೆ ಬಟ್ಟೆ. ಇವೆರಡರ ಅಂತರದಿಂದ ಆರ್ದ್ರತೆ ತಿಳಿಯುತ್ತದೆ. ಸಾಮಾನ್ಯ ದಿನ ಒಂದು, ಹಬ್ಬದ ದಿನ ಒಂದು, ಹೀಗೆ ಮಂಟಪದಲ್ಲಿಯೂ ಒಳಬಾಗಿಲ ಹತ್ತಿರವೂ ಗಂಟೆಗೊಮ್ಮೆ ಬರೆದುಕೊಂಡು, ಬಾಗಿಲಲ್ಲಿ ಕುಳಿತವರು ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಎಣಿಸಿದರೆ, ಎರಡನ್ನೂ ಒಂದೇ ನಕ್ಷಾಕಾಗದದ ಮೇಲೆ ಎಳೆಯಬಹುದು. ರೈಸರ ಸಂಪುಟದ ಪಾಠವನ್ನು ಕೈಯಲ್ಲಿ ಹಿಡಿದು ಶಾಸನದ ಮುಂದೆ ನಿಂತರೆ, ನೂರು ವರ್ಷಗಳ ಹಿಂದೆ ಓದಲು ಬರುತ್ತಿದ್ದ ಯಾವ ಅಕ್ಷರ ಈಗ ಬರುತ್ತಿಲ್ಲವೆಂದು ಗುರುತು ಹಾಕಿಕೊಳ್ಳಬಹುದು. ಕೊಳದ ಒಂದೇ ಮೆಟ್ಟಿಲಿನ ಮೇಲೆ ನಿಂತು, ಪ್ರತಿ ವರ್ಷ ಒಂದೇ ತಿಂಗಳಿನಲ್ಲಿ, ಒಂದೇ ಹೊತ್ತಿನಲ್ಲಿ ವಸಂತ ಮಂಟಪದ ಛಾಯಾಚಿತ್ರವನ್ನು ತೆಗೆಯಬೇಕು. ಹಿಂದೆ ದಿನಾಂಕವನ್ನೂ ನೀರು ಎಷ್ಟನೆಯ ಮೆಟ್ಟಿಲಿಗೆ ಇತ್ತೆಂಬುದನ್ನೂ ಬರೆದು ಶಾಲೆಯ ಬೀರುವಿನಲ್ಲಿ ಇಟ್ಟರೆ, ಮುಂದಿನ ತರಗತಿಯವರು ಅಲ್ಲಿಂದ ಮುಂದುವರಿಸಿಕೊಂಡು ಹೋಗುತ್ತಾರೆ.